ಪ್ಲೇಗು, ಕಾಲರಾ ಮತ್ತು ಕಟ್ಟಡದ ಎತ್ತರ: ಬಸವನಗುಡಿಯೂ ಡೆನ್ಮಾರ್ಕೂ

ತ್ಯಾಗರಾಜನಗರದ ಬೀದಿಗಳಲ್ಲಿ ಇಂದು ನಡೆಯುವವರಿಗೆ ಹಳೆಯ ಒಂದಂತಸ್ತಿನ ಮನೆಗಳು ವಿರಳವಾಗಿಯೂ ನಾಲ್ಕೈದು ಅಂತಸ್ತಿನ ವಸತಿಗೃಹಗಳು ಒತ್ತೊತ್ತಾಗಿಯೂ ಕಾಣುತ್ತವೆ. ನೆರೆಯ ಬಸವನಗುಡಿಯ ಮೂಲ ವಿನ್ಯಾಸವನ್ನು ಬಲ್ಲವರಿಗೆ ಇದು ಕೇವಲ ಅಭಿರುಚಿಯ ಬದಲಾವಣೆಯೆಂದು ತೋರಲಾರದು. ಊರು ತಗ್ಗಾಗಿ ಹರಡಿಕೊಳ್ಳಬೇಕೆಂಬುದಕ್ಕೆ ಒಂದು ಕಾಲದಲ್ಲಿ ಬಲವಾದ ಕಾರಣವಿದ್ದಿತು. ಅದನ್ನೇ ನಾವು ಇಲ್ಲಿ ಪರಿಶೀಲಿಸಲು ಹೊರಟಿದ್ದೇವೆ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಪೇಟೆಯ ಇಕ್ಕಟ್ಟಾದ ಓಣಿಗಳೂ ಗಾಳಿ ಬೆಳಕು ಸುಳಿಯದ ಕೋಣೆಗಳೂ ಆಗ ಅಧಿಕಾರಿಗಳ ಕಣ್ಣಿಗೆ ರೋಗದ ತವರಾಗಿ ಕಂಡವು. 1890ರ ದಶಕದ ಮೊದಲಲ್ಲೇ ಯೋಜಿತವಾಗಿದ್ದ ಬಸವನಗುಡಿ, ಮಲ್ಲೇಶ್ವರಗಳು ಇದಾದ ಮೇಲೆ ತ್ವರೆಯಿಂದ ಬೆಳೆದವು. ಅಗಲವಾದ ನೇರ ರಸ್ತೆ, ಮನೆಯ ಸುತ್ತ ಬಯಲು, ಹಿಂಬದಿಯಲ್ಲಿ ಕನ್ಸರ್ವೆನ್ಸಿ ಓಣಿ — ಇವು ಆ ಬಡಾವಣೆಗಳ ಲಕ್ಷಣಗಳು. ಕಕ್ಕಸು ತೊಳೆಯುವವರು ಮುಂಬಾಗಿಲಿಗೆ ಬಾರದಂತೆ ಹಿಂದಿನಿಂದಲೇ ಬಂದು ಹೋಗಲೆಂದು ಆ ಓಣಿಯನ್ನು ಬಿಡಲಾಗಿತ್ತು. ಆರೋಗ್ಯಶಾಸ್ತ್ರದೊಡನೆ ಜಾತಿಭೇದವನ್ನೂ ಅದು ನೆಲದ ಮೇಲೆ ಗೆರೆಯೆಳೆದು ತೋರಿಸಿತೆಂಬುದನ್ನು ಹಳೆಯ ಬೆಂಗಳೂರನ್ನು ಹೊಗಳುವವರು ಸಾಮಾನ್ಯವಾಗಿ ಮರೆಯುತ್ತಾರೆ.

ಇದನ್ನು ಹೋಲುವ ಸಂಗತಿ ಯೂರೋಪಿನ ಉತ್ತರದ ಡೆನ್ಮಾರ್ಕಿನಲ್ಲಿ ಸುಮಾರು ಅರ್ಧ ಶತಮಾನ ಮೊದಲೇ ನಡೆದಿದ್ದಿತು. ವಿಸ್ತಾರದಲ್ಲಿ ಆ ದೇಶವು ಕರ್ನಾಟಕದ ಕಾಲುಭಾಗಕ್ಕೂ ಕಡಮೆ. ಅಲ್ಲಿನ ಅತ್ಯುನ್ನತ ನೈಸರ್ಗಿಕ ಸ್ಥಳವೂ ಸಮುದ್ರಮಟ್ಟದಿಂದ 171 ಮೀಟರನ್ನು ಮುಟ್ಟದು. ನಂದಿಬೆಟ್ಟವನ್ನು ನಿತ್ಯ ನೋಡುವ ನಮಗೆ ಇದು ಸೋಜಿಗವೇ ಸರಿ. ಇಂಥ ಸಮತಟ್ಟಿನ ನಾಡಿನಲ್ಲಿ ಎತ್ತರವೆಂಬುದು ಬಹುಕಾಲ ಚರ್ಚುಗಳ, ಅರಮನೆಗಳ ಶಿಖರಗಳಿಗೆ ಮೀಸಲಾಗಿತ್ತು. 1642ರಲ್ಲಿ ಮುಗಿದ ಕೋಪನ್‌ಹೇಗನ್ನಿನ ದುಂಡುಗೋಪುರ ನಕ್ಷತ್ರವೀಕ್ಷಣೆಗೆಂದು ಕಟ್ಟಿದ್ದು. ಜನರಾದರೋ ಕೋಟೆಯ ಕೊತ್ತಲಗಳೊಳಗೆ ಕಿಕ್ಕಿರಿದು ಬಾಳುತ್ತಿದ್ದರು. 1853ರ ಕಾಲರಾ ಆ ನಗರದಲ್ಲಿ ಸುಮಾರು 4,700 ಮಂದಿಯನ್ನು ಬಲಿತೆಗೆದುಕೊಂಡಿತು. ಮರುವರ್ಷವೇ ವೈದ್ಯರ ಸಂಘವು ಕೋಟೆಯ ಹೊರಗಿನ ಬಯಲಿನಲ್ಲಿ ಬಡ ಶ್ರಮಿಕರಿಗಾಗಿ ತಗ್ಗಾದ ಸಾಲುಮನೆಗಳನ್ನು ಕಟ್ಟಿಸತೊಡಗಿತು. ಬ್ರುಮ್ಲೆಬಿ ಎಂದು ಹೆಸರಾದ ಆ ಮನೆಗಳಲ್ಲಿ ಇಂದಿಗೂ ಜನರು ವಾಸವಾಗಿದ್ದಾರೆ.

ಎರಡೂ ಕಡೆ ರೋಗಭಯವು ಊರನ್ನು ಮೇಲಕ್ಕೆತ್ತದೆ ಅಗಲಿಸಿತು. ಮುಂದೆ ಎತ್ತರವು ಬಂದದ್ದೂ ಹೆಚ್ಚುಕಡಮೆ ಒಂದೇ ಕಾಲದಲ್ಲಿ. ಕೋಪನ್‌ಹೇಗನ್ನಿನಲ್ಲಿ ಆರ್ನೆ ಯಾಕೊಬ್ಸೆನ್ ರೂಪಿಸಿದ, ಸುಮಾರು 70 ಮೀಟರಿನ ಹೋಟೆಲು 1960ರಲ್ಲಿ ತೆರೆಯಿತು. 1976ರಲ್ಲಿ 120 ಮೀಟರಿನ ಹೆರ್ಲೆವ್ ಆಸ್ಪತ್ರೆ ಎದ್ದು ದಶಕಗಳ ಕಾಲ ದೇಶದ ಅತಿ ಎತ್ತರದ ಕಟ್ಟಡಗಳಲ್ಲಿ ಅಗ್ರಗಣ್ಯವೆನಿಸಿತು. ರೋಗಕ್ಕಂಜಿ ತಗ್ಗಾಗಿ ಕಟ್ಟಿದ ನಾಡು ರೋಗಿಗಳನ್ನೇ ಅಷ್ಟೆತ್ತರಕ್ಕೆ ಏರಿಸಿತು! ಅದೇ ದಶಕದಲ್ಲಿ ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ 25 ಅಂತಸ್ತಿನ ಯುಟಿಲಿಟಿ ಕಟ್ಟಡ ತಲೆಯೆತ್ತಿತು.

ಎತ್ತರವನ್ನೇ ದೋಷವೆಂದು ನಾವು ಎಣಿಸುವುದಿಲ್ಲ. ಹೆರ್ಲೆವ್ ನಗರದ ಹೊರವಲಯದಲ್ಲಿ, ಸುತ್ತ ಬಯಲನ್ನು ಬಿಟ್ಟುಕೊಂಡು ನಿಂತಿದೆ. ಬಸವನಗುಡಿ, ತ್ಯಾಗರಾಜನಗರಗಳಲ್ಲಿಯಾದರೋ ಒಂದು ಕುಟುಂಬಕ್ಕೆಂದು ಅಳೆದ ನಿವೇಶನದಲ್ಲಿಯೇ ಹಲವು ಕುಟುಂಬಗಳು ಒಂದರ ಮೇಲೊಂದು ನೆಲೆಸುತ್ತಿವೆ. ರಸ್ತೆಯ ಅಗಲ ಹಿಂದಿನಷ್ಟೇ ಇದೆ. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ.