ಮೈಸೂರು ಸೆಂಟ್ರಲ್ ಜೈಲಿಗೆ ಮುಲಾಕಾತಿಗೆ ಹೊರಟಿದ್ದೀರಾ? ಬಸ್ ಹತ್ತೋ ಮುಂಚೆ ಇದನ್ನ ಓದಿ

ಮೈಸೂರು: ಎಚ್.ಡಿ. ಕೋಟೆ ಕಡೆಯ ಅಜ್ಜಿಯೊಬ್ಬರು ಮೊನ್ನೆ ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ವಾಪಸ್ ಹೋಗೋ ಬಸ್ಸಿಗೆ ಕಾಯ್ತಾ ಕೂತಿದ್ದರು. ಪಕ್ಕದಲ್ಲಿ ಟಿಫನ್ ಕ್ಯಾರಿಯರ್, ಮುಚ್ಚಳ ಕೂಡ ತೆಗೆದಿರಲಿಲ್ಲ. ಜೈಲಿನಲ್ಲಿರೋ ಮಗನನ್ನು ನೋಡೋಕೆ ಬೆಳಗಿನ ಮೊದಲ ಬಸ್ಸಿಗೇ ಬಂದಿದ್ದವರು. ನೋಡೋಕೆ ಆಗಲಿಲ್ಲ. ಎರಡು ದಿನ ಮುಂಚೆ ಮಗನ ಗೆಳೆಯರು ಬಂದು ಮಾತಾಡಿಸಿ ಹೋಗಿದ್ದರಂತೆ, ಆ ವಾರದ ಸರದಿ ಅಲ್ಲಿಗೇ ಮುಗಿದಿತ್ತು. ಅಜ್ಜಿಗೆ ಇದನ್ನು ಯಾರೂ ಹೇಳಿರಲಿಲ್ಲ. ಶಕ್ತಿ ಯೋಜನೆಯಲ್ಲಿ ಟಿಕೆಟ್ ಫ್ರೀ ಇರಬಹುದು, ಒಂದು ದಿನದ ಕೂಲಿ ಹೋದದ್ದು ಹೋಯ್ತಲ್ಲ.

ಹುಣಸೂರು, ಪಿರಿಯಾಪಟ್ಟಣ, ಟಿ. ನರಸೀಪುರ, ಕೆ.ಆರ್. ನಗರದಿಂದ ಹೀಗೆ ಬಂದು ಹೋಗೋ ಕುಟುಂಬಗಳಿಗೆ ಉಪಯೋಗ ಆಗಲಿ ಅಂತ ಮುಲಾಕಾತಿನ ನಿಯಮಗಳನ್ನು ಇಲ್ಲಿ ಬರೆದಿದ್ದೇನೆ. ಮುಲಾಕಾತ್ ಅಂದರೆ ಜೈಲಿನ ಭಾಷೆಯಲ್ಲಿ ಭೇಟಿ. ಸರ್ಕಾರಿ ಕಾಗದದಲ್ಲಿ 'ಸಂದರ್ಶನ' ಅಂತ ಇರುತ್ತೆ, ಎರಡೂ ಒಂದೇ.

ಮೊದಲು, ನಿಮ್ಮವರು ಎಲ್ಲಿದ್ದಾರೆ?

ಇದು ತಮಾಷೆ ಪ್ರಶ್ನೆ ಅಲ್ಲ. ಅರೆಸ್ಟ್ ಆದ ತಕ್ಷಣ ಎಲ್ಲರೂ ಜೈಲಿಗೆ ಹೋಗಲ್ಲ. ಪೊಲೀಸ್ ಕಸ್ಟಡಿ ಅಂದರೆ ಸ್ಟೇಷನ್ನಿನ ವಶದಲ್ಲಿರ್ತಾರೆ, ಜೈಲಿನವರಿಗೂ ಅವರಿಗೂ ಇನ್ನೂ ಸಂಬಂಧ ಇಲ್ಲ. ಕೋರ್ಟು 'ನ್ಯಾಯಾಂಗ ಬಂಧನ' ಅಂತ ಆದೇಶ ಮಾಡಿದ ಮೇಲೆಯೇ ಜೈಲು. 18 ವರ್ಷ ತುಂಬದ ಹುಡುಗರನ್ನು ಜೈಲಿಗೆ ಕಳಿಸೋ ಹಾಗೇ ಇಲ್ಲ, ಅವರು ಬಾಲನ್ಯಾಯ ಮಂಡಳಿ ಮೂಲಕ ವೀಕ್ಷಣಾಲಯಕ್ಕೆ ಹೋಗ್ತಾರೆ.

ಜೈಲಿನಲ್ಲಿದ್ದವರನ್ನು ಬೇರೆ ಊರಿಗೆ ವರ್ಗಾಯಿಸೋದೂ ಉಂಟು. 2024ರ ಆಗಸ್ಟ್‌ನಲ್ಲಿ ಪರಪ್ಪನ ಅಗ್ರಹಾರದ ಫೋಟೊ ಹೊರಗೆ ಬಂದ ಮೇಲೆ ನಟ ದರ್ಶನ್ ಅವರನ್ನು ಬಳ್ಳಾರಿಗೆ ಕಳಿಸಿದ್ದು ಎಲ್ಲರಿಗೂ ಗೊತ್ತು. ಅದು ಟಿವಿಯಲ್ಲಿ ಬಂತು, ನಮ್ಮ ನಿಮ್ಮಂಥವರ ಮನೆಯವರನ್ನು ಕಳಿಸಿದರೆ ಟಿವಿಯಲ್ಲಿ ಬರಲ್ಲ. ಹಾಗಾಗಿ ಹೊರಡೋ ಹಿಂದಿನ ದಿನ ವಕೀಲರಿಗೋ ಜೈಲಿಗೋ ಒಂದು ಫೋನ್ ಮಾಡಿ.

ಮೈಸೂರು ಕೇಂದ್ರ ಕಾರಾಗೃಹ ಇರೋದು ಮಂಡಿ ಮೊಹಲ್ಲಾ ಕಡೆ, ಅಶೋಕ ರಸ್ತೆಯಲ್ಲಿ. ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ಇಳಿದು 'ಸೆಂಟ್ರಲ್ ಜೈಲು' ಅಂದರೆ ಯಾವ ಆಟೊದವರಾದರೂ ಕರ್ಕೊಂಡು ಹೋಗ್ತಾರೆ.

ಸರದಿ ನಿಮ್ಮದಲ್ಲ, ಒಳಗಿರುವವರದು

ಜನ ಹೆಚ್ಚು ಎಡವೋದು ಇಲ್ಲೇ. ಅಜ್ಜಿ ಎಡವಿದ್ದೂ ಇಲ್ಲೇ.

ಮುಲಾಕಾತಿನ ಲೆಕ್ಕ ಇಡೋದು ಬಂದವರ ಹೆಸರಲ್ಲಿ ಅಲ್ಲ, ಒಳಗಿರೋ ಬಂದಿಯ ಹೆಸರಲ್ಲಿ. ಇಷ್ಟು ದಿನಕ್ಕೆ ಇಷ್ಟು ಸಲ ಅಂತ ಮಿತಿ ಇರುತ್ತೆ. ಕೇಸು ಇನ್ನೂ ನಡೀತಿರೋ ವಿಚಾರಣಾ ಬಂದಿಗೆ ಹೆಚ್ಚು ಸಲ, ಶಿಕ್ಷೆ ಆಗಿರೋ ಸಜಾ ಬಂದಿಗೆ ಅದಕ್ಕಿಂತ ಕಡಿಮೆ. ಸೋಮವಾರ ಭಾವಮೈದ ಹೋಗಿ ನೋಡಿಬಂದರೆ ಅದು ಒಂದು ಸರದಿ ಖರ್ಚಾದ ಹಾಗೆ. ಬುಧವಾರ ಹೆಂಡತಿ ಮಗು ಎತ್ಕೊಂಡು ಬಂದು ನಿಂತರೆ ಕೌಂಟರಿನಲ್ಲಿ ಇರೋರು ಪುಸ್ತಕ ನೋಡಿ 'ಆಗಿದೆಯಮ್ಮ' ಅಂತಾರೆ. ಅವರ ತಪ್ಪೂ ಅಲ್ಲ.

ಅದಕ್ಕೆ ಮನೆಯವರೆಲ್ಲ ಸೇರಿ ಈ ವಾರ ಯಾರು, ಮುಂದಿನ ವಾರ ಯಾರು ಅಂತ ಮಾತಾಡ್ಕೊಳ್ಳಿ. ಒಂದೇ ಸಲಕ್ಕೆ ಇಬ್ಬರು ಮೂವರು ಜೊತೆಯಲ್ಲಿ ಹೋದರೆ ಒಂದೇ ಸರದಿಯಲ್ಲಿ ಮುಗಿಯುತ್ತೆ. ಗೆಳೆಯರಿಗೂ ಹೇಳಿಬಿಡಿ, ಕೇಳದೆ ಹೋಗಬೇಡಿ ಅಂತ. ಗೆಳೆತನ ತೋರಿಸೋಕೆ ಹೋಗಿ ತಾಯಿಯ ಸರದಿ ತಿಂದುಬಿಡ್ತಾರೆ. ಒಳಗಿರೋರು ತಮ್ಮನ್ನು ನೋಡೋಕೆ ಯಾರು ಬರಬಹುದು ಅಂತ ಹೆಸರು ಬರೆಸೋ ಪದ್ಧತಿ ಇದೆ. ಮೊದಲ ಭೇಟಿಯಲ್ಲೇ ಅವರಿಗೆ ಇದನ್ನು ನೆನಪಿಸಿ. ಅವರು ಒಲ್ಲೆ ಅಂದರೆ ಯಾರೂ ಬಲವಂತವಾಗಿ ನೋಡೋಕೆ ಆಗಲ್ಲ, ಅದು ಅವರ ಹಕ್ಕು.

ವಕೀಲರ ಭೇಟಿ ಬೇರೆ. ವಕೀಲರು ಮಾತಾಡುವಾಗ ಸಿಬ್ಬಂದಿ ಕಣ್ಣಿಗೆ ಕಾಣೋ ಹಾಗೆ ಇರಬಹುದು, ಕಿವಿಗೆ ಕೇಳೋ ಹಾಗೆ ಇರಬಾರದು.

ಮುಲಾಕಾತ್ ಅನ್ನೋದು ಯಾರೋ ದಯೆಯಿಂದ ಕೊಡೋದಲ್ಲ ಅನ್ನೋದೂ ಗೊತ್ತಿರಲಿ. ದೆಹಲಿಯ ತಿಹಾರ್ ಜೈಲಿನಲ್ಲಿದ್ದ ಫ್ರಾನ್ಸಿಸ್ ಕೊರಾಲಿ ಮುಲ್ಲಿನ್ ಅನ್ನೋ ಬ್ರಿಟಿಷ್ ಮಹಿಳೆಗೆ ಐದು ವರ್ಷದ ಮಗಳನ್ನು ತಿಂಗಳಿಗೆ ಒಂದೇ ಸಲ ನೋಡೋಕೆ ಬಿಡ್ತಿದ್ದರು. 1981ರಲ್ಲಿ ಸುಪ್ರೀಂ ಕೋರ್ಟ್ ಆ ನಿಯಮ ತಪ್ಪು ಅಂದಿತು. ಮನೆಯವರನ್ನು, ವಕೀಲರನ್ನು ಕಾಣೋದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಒಳಗೇ ಬರುತ್ತೆ ಅಂತ ತೀರ್ಪು. ಜೈಲಿನವರು ದಿನ, ಸಮಯ, ಮಿತಿ ಹಾಕಬಹುದು, ಪೂರ್ತಿ ಬಾಗಿಲು ಹಾಕೋ ಹಾಗಿಲ್ಲ.

ಕೈಯಲ್ಲಿ ಏನಿರಬೇಕು

ಒರಿಜಿನಲ್ ಗುರುತಿನ ಚೀಟಿ. ಆಧಾರ್ ಆದರೆ ಒಳ್ಳೇದು, ವೋಟರ್ ಐಡಿ, ಡಿಎಲ್ ಇದ್ದರೂ ಸರಿ. ಜೊತೆಗೆ ಒಂದು ಜೆರಾಕ್ಸ್ ಇಟ್ಕೊಳ್ಳಿ. ಮೊಬೈಲಿನಲ್ಲಿ ಫೋಟೊ ಇದೆ ಅಂತ ನಂಬಿ ಹೋಗಬೇಡಿ, ಯಾಕಂದ್ರೆ ಮೊಬೈಲನ್ನೇ ಒಳಗೆ ಬಿಡಲ್ಲ. ಮಕ್ಕಳನ್ನು ಕರ್ಕೊಂಡು ಹೋಗೋದಾದರೆ ಅವರ ಆಧಾರ್ ಅಥವಾ ಜನನ ಪ್ರಮಾಣಪತ್ರವೂ ಇರಲಿ.

ಒಂದು ಚೀಟಿಯಲ್ಲಿ ಬಂದಿಯ ಪೂರ್ತಿ ಹೆಸರು, ತಂದೆ ಹೆಸರು, ಯಾವ ಸ್ಟೇಷನ್ನಿನ ಕೇಸು, ಕ್ರೈಂ ನಂಬರ್ ಬರ್ಕೊಂಡು ಹೋಗಿ. ಮಂಜುನಾಥ, ಮಹದೇವ ಅಂತ ಎಷ್ಟು ಜನ ಇರ್ತಾರೆ ಒಳಗೆ! ಊರಲ್ಲಿ ಕರೆಯೋ ಹೆಸರು ಅಲ್ಲಿ ನಡೆಯಲ್ಲ, ವಾರಂಟಿನಲ್ಲಿ ಯಾವ ಹೆಸರಿದೆಯೋ ಅದೇ ಬೇಕು. ವಿಚಾರಣಾ ಬಂದಿಗೆ ಜೈಲಿನಲ್ಲಿ ಒಂದು ಯುಟಿಪಿ ನಂಬರ್ ಕೊಡ್ತಾರೆ. ಮೊದಲ ಭೇಟಿಯಲ್ಲಿ ಅದನ್ನು ಕೇಳಿ ಬರ್ಕೊಂಡರೆ ಮುಂದಿನ ಸಲ ಎಲ್ಲ ಸಲೀಸು.

ದಿನ, ಸಮಯ ಗೇಟಿನ ಬೋರ್ಡಿನಲ್ಲಿ ಹಾಕಿರ್ತಾರೆ, ಆಗಾಗ ಬದಲಾಗುತ್ತೆ. ಭಾನುವಾರ, ಸರ್ಕಾರಿ ರಜೆ, ಅದರಲ್ಲೂ ದಸರಾ ಹಿಂದೆ ಮುಂದೆ ಹೋಗೋರು ಕೇಳದೆ ಹೊರಡಬೇಡಿ.

ಊಟ, ಹಣ್ಣು, ಬೀಡಿ

ಮನೆ ಊಟ ಕೊಟ್ಟು ಬರಬಹುದು ಅಂತಲೇ ಎಲ್ಲ ತಾಯಂದಿರೂ ಅಂದ್ಕೊಳ್ತಾರೆ. ಸಾಮಾನ್ಯವಾಗಿ ಆಗಲ್ಲ. ವಿಚಾರಣಾ ಬಂದಿ ಸ್ವಂತ ಖರ್ಚಿನಲ್ಲಿ ಊಟ, ಬಟ್ಟೆ, ಹಾಸಿಗೆ ತರಿಸಿಕೊಳ್ಳೋಕೆ ಕೇಳಬಹುದು, ಆದರೆ ಅದಕ್ಕೆ ಅನುಮತಿ ಬೇಕು. 2024ರಲ್ಲಿ ಅದೇ ದರ್ಶನ್ ಪ್ರಕರಣದಲ್ಲಿ ಮನೆ ಊಟದ ಅರ್ಜಿ ಕೋರ್ಟಿನವರೆಗೂ ಹೋಗಿ ತಿರಸ್ಕಾರ ಆಯ್ತು. ಟಿಫನ್ ಕ್ಯಾರಿಯರ್ ಹೊರೋ ಕಷ್ಟ ಬೇಡ.

ಹಣ್ಣು ಕೊಟ್ಟರೂ ಬಿಚ್ಚಿ, ಕುಯ್ದು ನೋಡ್ತಾರೆ ಅಂತ ಬೇಜಾರು ಮಾಡ್ಕೊಳ್ಳೋರಿದ್ದಾರೆ. 2025ರ ನವೆಂಬರ್‌ನಲ್ಲಿ ಶಿವಮೊಗ್ಗ ಸೆಂಟ್ರಲ್ ಜೈಲಿಗೆ ಬಂದ ಬಾಳೆಗೊನೆಯ ದಿಂಡಿನೊಳಗೆ ಗಾಂಜಾ, ಸಿಗರೇಟು ಸಿಕ್ಕಿತ್ತು. ಇಂಥದ್ದು ನಡೆದ ಮೇಲೆ ಚೆಕಿಂಗ್ ಇರದೆ ಇರುತ್ತಾ? ಬಟ್ಟೆ ಕೊಡೋದಾದರೆ ಏನೇನು ತಗೊಳ್ತಾರೆ ಅಂತ ಕೌಂಟರಿನಲ್ಲಿ ಮೊದಲೇ ಕೇಳಿ. ಮಾತ್ರೆ ಇದ್ದರೆ ಡಾಕ್ಟರ್ ಚೀಟಿ ಸಮೇತ ಜೈಲಿನ ವೈದ್ಯರಿಗೆ ತಲುಪೋ ಹಾಗೆ ಸಿಬ್ಬಂದಿ ಕೈಗೆ ಕೊಡಿ, ಬಂದಿ ಕೈಗೆ ಕೊಡೋಕೆ ಹೋಗಬೇಡಿ.

ಮೊಬೈಲು, ಸಿಮ್ಮು, ಚಾರ್ಜರು, ಗಾಂಜಾ ಇದ್ಯಾವುದೂ ನಿಮ್ಮ ಹತ್ತಿರ ಸಿಗಬಾರದು. ಸಿಕ್ಕರೆ ಕರ್ನಾಟಕ ಕಾರಾಗೃಹಗಳ ಕಾಯ್ದೆ 1963ರ 42ನೇ ಸೆಕ್ಷನ್ ಪ್ರಕಾರ ನಿಮ್ಮ ಮೇಲೇ ಕೇಸು. 2022ರ ತಿದ್ದುಪಡಿ ಆದ ಮೇಲೆ ಇದು ಇನ್ನೂ ಬಿಗಿಯಾಗಿದೆ. ನೋಡೋಕೆ ಬಂದವರು ಅಲ್ಲೇ ಉಳಿಯೋ ಪರಿಸ್ಥಿತಿ. ಗೇಟಿನ ಹೊರಗೆ ಪರಿಚಯ ಇಲ್ಲದವರು 'ಅಣ್ಣಾ, ಈ ಬ್ಯಾಗ್ ಒಂಚೂರು ಒಳಗೆ ಕೊಟ್ಬಿಡಿ' ಅಂದರೆ ಮುಟ್ಟಲೇಬೇಡಿ. ಅಂಗಡಿಯವರಿಗೂ ಇದೇ ಮಾತು: ಮುಲಾಕಾತಿಗೆ ಬಂದವರ ಚೀಲ ಇಟ್ಕೊಳ್ಳೋದು ಉಪಕಾರವೇ, ಆದರೆ ಒಳಗೇನಿದೆ ಅಂತ ಬಿಚ್ಚಿ ನೋಡಿ ಇಟ್ಕೊಳ್ಳಿ.

ದುಡ್ಡು ಮತ್ತು ಫೋನು

ಬಂದಿ ಕೈಗೆ ನೋಟು ಕೊಡೋ ಹಾಗಿಲ್ಲ. ಜೈಲಿನಲ್ಲಿ ಅವರ ಹೆಸರಲ್ಲಿ ಪಿಪಿಸಿ ಖಾತೆ ಇರುತ್ತೆ, ಅಂದರೆ ಬಂದಿಯ ಸ್ವಂತ ಹಣ. ಅದಕ್ಕೆ ಕಟ್ಟಿದರೆ ಒಳಗಿನ ಕ್ಯಾಂಟೀನಿನಲ್ಲಿ ಸೋಪು, ಬಿಸ್ಕೆಟ್ ತಗೋಬಹುದು. ಕಟ್ಟಿದ್ದಕ್ಕೆ ರಸೀದಿ ತಗೊಳ್ಳಿ. ಮುಲಾಕಾತಿಗೆ ಅಂತ ಮಾತ್ರ ಯಾವ ಫೀಸೂ ಇಲ್ಲ. 'ಬೇಗ ಬಿಡಿಸ್ತೀನಿ, ಇಷ್ಟು ಕೊಡಿ' ಅಂತ ಹೊರಗೆ ಯಾರಾದರೂ ಕೇಳಿದರೆ ಕೊಡಬೇಡಿ, ಸೂಪರಿಂಟೆಂಡೆಂಟ್ ಅವರಿಗೆ ಬರೆದು ಕೊಡಿ.

ಒಳಗಿನಿಂದ ಫೋನ್ ಮಾಡೋಕೂ ಅಧಿಕೃತ ವ್ಯವಸ್ಥೆ ಇದೆ. ಮೊದಲೇ ಬರೆಸಿದ ಮನೆಯವರ ನಂಬರಿಗೆ ಮಾತ್ರ ಆ ಕರೆ ಹೋಗುತ್ತೆ. ಬೇರೆ ಯಾವುದೋ ನಂಬರಿನಿಂದ, ರಾತ್ರಿ ಹೊತ್ತು, 'ಅಮ್ಮಾ ಈ ನಂಬರಿಗೆ ಫೋನ್ ಪೇ ಮಾಡಿಸು' ಅಂತ ಕರೆ ಬಂದರೆ ಅದು ಕಳ್ಳ ಮೊಬೈಲು ಅಂತಲೇ ತಿಳ್ಕೊಳ್ಳಿ. ಮಗನ ದನಿಯೇ ಇದ್ದರೂ ಕಳಿಸಬೇಡಿ. ಆ ಮೊಬೈಲು ಸಿಕ್ಕಿಬಿದ್ದ ದಿನ ಪೊಲೀಸರು ದುಡ್ಡು ಎಲ್ಲಿಂದ ಬಂತು ಅಂತ ಹುಡುಕ್ಕೊಂಡು ನಿಮ್ಮ ಮನೆಗೇ ಬರ್ತಾರೆ.

ಇ-ಮುಲಾಕಾತ್

ಇ-ಪ್ರಿಸನ್ಸ್ ಅನ್ನೋ ಸರ್ಕಾರಿ ವೆಬ್‌ಸೈಟಿನಲ್ಲಿ ಇ-ಮುಲಾಕಾತ್ ಅಂತ ಇದೆ. ಅಲ್ಲಿ ನಿಮ್ಮ ಹೆಸರು, ವಿಳಾಸ, ಗುರುತಿನ ಚೀಟಿ, ಬಂದಿಯ ಹೆಸರು, ತಂದೆ ಹೆಸರು, ರಾಜ್ಯ, ಜೈಲು ತುಂಬಬೇಕು. ನೇರ ಭೇಟಿಯೋ ವಿಡಿಯೊ ಭೇಟಿಯೋ ಅಂತ ಕೇಳುತ್ತೆ. ಒಟಿಪಿ ಹಾಕಿದ ಮೇಲೆ ಅರ್ಜಿ ಜೈಲಿಗೆ ಹೋಗುತ್ತೆ. ಅವರು ಒಪ್ಪಿದರೆ ಮಾತ್ರ ಭೇಟಿ, ಅರ್ಜಿ ಹಾಕಿದ್ದೇ ಅನುಮತಿ ಅಲ್ಲ. ಫಾರ್ಮ್ ತುಂಬೋಕೆ ಆಗದವರು ಹತ್ತಿರದ ಸೈಬರ್ ಸೆಂಟರಿನಲ್ಲಿ ಮಾಡಿಸಿ, ಆದರೆ ಒಟಿಪಿ ಬರೋ ಮೊಬೈಲು ನಿಮ್ಮ ಕೈಯಲ್ಲೇ ಇರಲಿ. ಬೆಂಗಳೂರಲ್ಲೋ ದುಬೈಯಲ್ಲೋ ಇರೋ ಅಣ್ಣ ತಮ್ಮಂದಿರಿಗೆ ವಿಡಿಯೊ ಭೇಟಿ ಒಳ್ಳೇ ಅನುಕೂಲ.

ಸಿಗೋ ನಾಲ್ಕು ನಿಮಿಷದಲ್ಲಿ ಏನು ಮಾತಾಡೋದು

ಮುಂಚೆ ಕೋರ್ಟಿನ ದಿನ ಕೋರ್ಟಿನ ಹತ್ತಿರ ನಿಂತರೆ ಮುಖ ಕಾಣ್ತಿತ್ತು. ಈಗ ರಿಮ್ಯಾಂಡ್ ಮುಂದುವರಿಸೋದು ಹೆಚ್ಚಾಗಿ ವಿಡಿಯೊದಲ್ಲೇ ಮುಗಿಯುತ್ತೆ. ಹಳ್ಳಿಯವರಿಗೆ ಉಳಿದಿರೋದು ಈ ಮುಲಾಕಾತ್ ಒಂದೇ. ಅಲ್ಲೂ ಜಾಲರಿಯೋ ಗಾಜೋ ಅಡ್ಡ, ಸುತ್ತ ಗಲಾಟೆ. ಅರ್ಧ ಸಮಯ ಅಳೋದರಲ್ಲೇ ಹೋಗುತ್ತೆ. ಅಳಬೇಡಿ ಅನ್ನೋಕೆ ನಾನ್ಯಾರು? ಆದರೆ ಚೀಟಿಯಲ್ಲಿ ಬರ್ಕೊಂಡು ಹೋಗಿ: ಮುಂದಿನ ಹಿಯರಿಂಗ್ ಯಾವತ್ತು, ವಕೀಲರು ಬಂದು ಮಾತಾಡಿದ್ದಾರಾ, ಯುಟಿಪಿ ನಂಬರ್ ಏನು, ಕಟ್ಟಿದ ದುಡ್ಡು ಸೇರಿದೆಯಾ, ಮೈ ಹುಷಾರಿದೆಯಾ. ಕೇಸಿನ ಒಳಗುಟ್ಟು ಅಲ್ಲಿ ಮಾತಾಡಬೇಡಿ, ಅದು ವಕೀಲರ ಹತ್ತಿರ.

ಆರೋಗ್ಯದ ಪ್ರಶ್ನೆ ಬಿಡಲೇಬೇಡಿ. 2025ರ ಜನವರಿಯಲ್ಲಿ ಇದೇ ಮೈಸೂರು ಜೈಲಿನಲ್ಲಿ ಕೇಕ್ ಮಾಡೋಕೆ ಇಟ್ಟಿದ್ದ ಎಸೆನ್ಸ್ ಕುಡಿದು ಮೂವರು ಬಂದಿಗಳು ತೀರಿಹೋದರು. ಹೊಟ್ಟೆ ನೋವು, ವಾಂತಿ, ಜ್ವರ ಅಂದರೆ ಹೊರಗೆ ಬಂದ ತಕ್ಷಣ ಅಧಿಕಾರಿಗಳಿಗೆ ಹೇಳಿ, ವಕೀಲರಿಗೂ ತಿಳಿಸಿ. ಕೆ.ಆರ್. ಆಸ್ಪತ್ರೆಗೆ ಸೇರಿಸಿದ್ದಾರೆ ಅಂತ ಗೊತ್ತಾದರೆ ಸೀದಾ ವಾರ್ಡಿಗೆ ಹೋಗೋ ಹಾಗಿಲ್ಲ, ಅಲ್ಲೂ ಕಾವಲು ಇರುತ್ತೆ, ಜೈಲಿನವರ ಅನುಮತಿ ಬೇಕು.

ವಕೀಲರೇ ಇಲ್ಲ ಅಂದರೆ

ಕಸ್ಟಡಿಯಲ್ಲಿರೋ ಯಾರಿಗೇ ಆಗಲಿ, ಆದಾಯ ಎಷ್ಟಿದ್ದರೂ, ಸರ್ಕಾರದ ಕಡೆಯಿಂದ ಉಚಿತ ವಕೀಲರು ಸಿಗ್ತಾರೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲೇ ಇದು ಇದೆ. ಇದಕ್ಕಾಗಿ ಮೈಸೂರಿಗೇ ಬರಬೇಕಿಲ್ಲ, ನಿಮ್ಮ ತಾಲೂಕು ಕೋರ್ಟಿನಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಇರುತ್ತೆ. ಸಹಾಯವಾಣಿ 15100.

ಅಲ್ಲಿಗೆ ಹೋದಾಗ ಇನ್ನೊಂದು ವಿಷಯ ಕೇಳಿ. 2024ರ ಜುಲೈ 1ರಿಂದ ಜಾರಿಗೆ ಬಂದ ಬಿಎನ್‌ಎಸ್‌ಎಸ್ 479ನೇ ಸೆಕ್ಷನ್ ಪ್ರಕಾರ, ಮೊದಲ ಸಲ ಕೇಸಿಗೆ ಸಿಕ್ಕ ವಿಚಾರಣಾ ಬಂದಿ ಆ ಅಪರಾಧದ ಗರಿಷ್ಠ ಶಿಕ್ಷೆಯಲ್ಲಿ ಮೂರನೇ ಒಂದು ಭಾಗ ಒಳಗೇ ಕಳೆದಿದ್ದರೆ ಕೋರ್ಟು ಬಿಡುಗಡೆ ಮಾಡಬೇಕು, ಉಳಿದವರಿಗೆ ಅರ್ಧ. ಜೀವಾವಧಿ, ಮರಣದಂಡನೆ ಇರೋ ಅಪರಾಧಗಳಿಗೆ, ಒಂದಕ್ಕಿಂತ ಹೆಚ್ಚು ಕೇಸ್ ಬಾಕಿ ಇರೋರಿಗೆ ಇದು ಸಿಗಲ್ಲ. ಈ ಅವಧಿ ಮುಗಿದ ಕೂಡಲೇ ಕೋರ್ಟಿಗೆ ಬರೆಯೋ ಜವಾಬ್ದಾರಿ ಜೈಲು ಸೂಪರಿಂಟೆಂಡೆಂಟ್ ಅವರದೇ. ಆದರೂ ಒಳಗೆ ಹೋದ ತಾರೀಕನ್ನು ಮನೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಕೊಳ್ಳಿ.