ಠರಾವು ಎಂಬ ಒಂದು ಸಾಲು: ಸಭೆ, ಸಮಾಲೋಚನೆ ಮತ್ತು ನಮ್ಮ ಬೇಡಿಕೆಗಳ ಚರಿತ್ರೆ



ನಮ್ಮ ಪುರಸಭೆಯ ಸಭಾಂಗಣದಲ್ಲಿ ಕುಳಿತು ಅರ್ಧ ಗಂಟೆ ಸದಸ್ಯರ ಮಾತು ಕೇಳಿದರೆ ನಿಮಗೊಂದು ಸಂಗತಿ ಹೊಳೆಯುತ್ತದೆ. ಹಾಜರಿ, ಗೈರುಹಾಜರಿ, ಅರ್ಜಿ, ತಕರಾರು, ಶಿಫಾರಸು, ಮಂಜೂರು, ನಾಮಂಜೂರು: ಸಭೆಯ ವ್ಯವಹಾರದ ಈ ಪದಗಳೆಲ್ಲ ಅರಬ್ಬಿ, ಫಾರಸಿ ಮೂಲದವು. ಅವು ಕನ್ನಡದಲ್ಲಿ ಎಷ್ಟು ಬೆರೆತಿವೆಯೆಂದರೆ ಅವುಗಳ ಊರು ಯಾವುದೆಂದು ಯಾರೂ ಕೇಳುವುದಿಲ್ಲ. ಪದಗಳು ನಮ್ಮವೇ ಆಗಿವೆ. ಆದರೆ ಆ ಸಭಾಂಗಣದ ಕೆಲಸ ನಮ್ಮದಾಗಿದೆಯೇ? ಆದಿತ್ಯನಗರ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ಇರುವ ನಮ್ಮ ಸದಸ್ಯರಲ್ಲಿ ಎಷ್ಟು ಜನ ಒಮ್ಮೆಯಾದರೂ ತಮ್ಮ ಊರಿನ ಸಾಮಾನ್ಯ ಸಭೆಯ ನಡಾವಳಿಯನ್ನು ಓದಿದ್ದಾರೆ? ಈ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಸಮಾಲೋಚನೆ ನಮಗೆ ಹೊಸದಲ್ಲ. ಪವಿತ್ರ ಕುರ್‌ಆನಿನ 42ನೇ ಅಧ್ಯಾಯದ ಹೆಸರೇ ಅಶ್ಶೂರಾ, ಅಂದರೆ ಸಮಾಲೋಚನೆ. ಹಿಜರಿ 3ನೇ ವರ್ಷದ ಉಹುದ್ ಪ್ರಸಂಗ ನಿಮಗೆ ಗೊತ್ತಿದೆ. ಮದೀನಾದ ಒಳಗೇ ಇದ್ದು ಎದುರಿಸಬೇಕೆಂಬುದು ಪ್ರವಾದಿ ಮುಹಮ್ಮದ್ (ಸ) ಅವರ ಅಭಿಪ್ರಾಯವಾಗಿತ್ತು. ಹೊರಗೆ ಹೋಗಿ ಎದುರಿಸೋಣವೆಂದು ಯುವಕರೂ ಹೆಚ್ಚಿನ ಸಹಾಬಿಗಳೂ ಒತ್ತಾಯಿಸಿದರು. ಅವರು ಒಪ್ಪಿದರು. ಕವಚ ತೊಟ್ಟು ಹೊರಬಂದಾಗ ಒತ್ತಾಯಿಸಿದವರೇ ಪಶ್ಚಾತ್ತಾಪಪಟ್ಟು, ಬೇಡ, ಇಲ್ಲೇ ಇರೋಣ ಎಂದರು. ಆದರೆ ಒಮ್ಮೆ ಆದ ನಿರ್ಣಯ ಹಿಂದೆ ಸರಿಯಲಿಲ್ಲ. ಆ ದಿನ ಕಷ್ಟವೇ ಆಯಿತು. ಹಾಗಿದ್ದೂ ಉಹುದ್‌ನ ನಂತರ ಅವತೀರ್ಣವಾದ ಆಲಿ ಇಮ್ರಾನ್ ಅಧ್ಯಾಯದ 159ನೇ ವಚನದಲ್ಲಿ ಅವರೊಂದಿಗೆ ಸಮಾಲೋಚಿಸಬೇಕೆಂಬ ಆದೇಶವೇ ಇದೆ. ಫಲ ಕೆಟ್ಟಿತೆಂದು ಸಮಾಲೋಚನೆಯ ಪದ್ಧತಿಯನ್ನು ಬಿಡಲಿಲ್ಲ. ನಮ್ಮ ಮಸೀದಿ ಕಮಿಟಿಗಳಲ್ಲಿ ಒಂದು ಮಾತು ಸೋತರೆ ಮುಂದಿನ ಸಭೆಗೇ ಬಾರದವರು ಇದನ್ನು ನೆನೆಯಬಹುದು. ಈ ಲೇಖಕನೂ ಅವರಲ್ಲಿ ಒಬ್ಬನಾಗಿದ್ದ ಕಾಲವಿತ್ತು.

ಆಧುನಿಕ ರೀತಿಯ ಸಭೆ, ಅಂದರೆ ಅಧ್ಯಕ್ಷ, ಕಾರ್ಯಸೂಚಿ, ಠರಾವು, ಅನುಮೋದನೆ, ನಡಾವಳಿ, ಇವು ನಮ್ಮ ಸಮುದಾಯಕ್ಕೆ ಬಂದದ್ದು ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ. ಮುಂಬಯಿಯ ಅಂಜುಮನ್-ಎ-ಇಸ್ಲಾಂ 1874ರಲ್ಲಿ ಹುಟ್ಟಿತು. ಸೈಯದ್ ಅಮೀರ್ ಅಲಿಯವರ ಸಂಘ ಕಲ್ಕತ್ತೆಯಿಂದ 1882ರಲ್ಲಿ ವೈಸರಾಯ್ ಲಾರ್ಡ್ ರಿಪ್ಪನ್‌ಗೆ ಒಂದು ಮನವಿ ಸಲ್ಲಿಸಿತು. ಆ ಮನವಿ ಪ್ರಾಂತಗಳಿಗೆ ಹೋಗಿ, ಅಭಿಪ್ರಾಯಗಳು ಬಂದು, ಮುಸ್ಲಿಮರ ಶಿಕ್ಷಣದ ಬಗ್ಗೆ ಸರ್ಕಾರದ ನಿರ್ಣಯ ಹೊರಬಿದ್ದದ್ದು 1885ರ ಜುಲೈಯಲ್ಲಿ. ಮೂರು ವರ್ಷ! ಅದೇ 1882ರಲ್ಲಿ ಸ್ಥಳೀಯ ಸ್ವಯಮಾಡಳಿತದ ಬಗ್ಗೆ ರಿಪ್ಪನ್ ನಿರ್ಣಯವೂ ಬಂದಿತ್ತು. 1886ರ ಡಿಸೆಂಬರ್‌ನಲ್ಲಿ ಸರ್ ಸೈಯದ್ ಅಹ್ಮದ್ ಖಾನರು ಅಲಿಗಢದಲ್ಲಿ ಶೈಕ್ಷಣಿಕ ಸಮ್ಮೇಳನ ಆರಂಭಿಸಿದರು. ಅದು ಪ್ರತಿ ವರ್ಷ ಬೇರೆ ಬೇರೆ ಊರಿನಲ್ಲಿ ಸೇರಿ ಠರಾವು ಮಾಡುತ್ತಿತ್ತು. ಊರೂರಿಗೆ ಹೋಗುವ ಈ ಪದ್ಧತಿಯೇ ಅದರ ದೊಡ್ಡ ಲಾಭ. ಸಭೆ ಬಂದ ಊರಿನಲ್ಲಿ ಒಂದು ಕಮಿಟಿ ಹುಟ್ಟುತ್ತಿತ್ತು.

ಆದರೆ ಕರ್ನಾಟಕದ ನೆಲದಲ್ಲಿ ನಾವು ಗಮನಿಸಬೇಕಾದ ನಿಜವಾದ ಉದಾಹರಣೆ ಹಳೆಯ ಮೈಸೂರಿನದು. ಅಲ್ಲಿ 1905ರಲ್ಲಿ ಲಿಂಗಾಯತರ ಶಿಕ್ಷಣ ನಿಧಿ ಸಂಘ, 1906ರಲ್ಲಿ ಒಕ್ಕಲಿಗರ ಸಂಘ, 1909ರಲ್ಲಿ ಸೆಂಟ್ರಲ್ ಮೊಹಮೆಡನ್ ಅಸೋಸಿಯೇಷನ್ ಹುಟ್ಟಿದವು. ಪ್ರತಿಯೊಂದಕ್ಕೂ ತನ್ನದೇ ಹಾಸ್ಟೆಲು, ತನ್ನದೇ ವಿದ್ಯಾರ್ಥಿವೇತನ, ತನ್ನದೇ ಅಹವಾಲು. ಪ್ರತಿಯೊಂದೂ ಬೇರೆ ಬೇರೆಯಾಗಿ ದಿವಾನರ ಬಾಗಿಲಿಗೆ ಹೋದಾಗ ಸಿಕ್ಕಿದ್ದು ಸಮಾಧಾನದ ಮಾತು. 1917ರಲ್ಲಿ ಈ ಸಮುದಾಯಗಳ ಮುಖಂಡರು ಕೂಡಿ ಪ್ರಜಾಮಿತ್ರ ಮಂಡಳಿಯನ್ನು ಕಟ್ಟಿದರು. ಸಿ. ಆರ್. ರೆಡ್ಡಿ, ಎಂ. ಬಸವಯ್ಯ, ಎಚ್. ಚನ್ನಯ್ಯನವರ ಜೊತೆ ಗುಲಾಂ ಅಹ್ಮದ್ ಕಲಾಮಿ, ಮಹಮ್ಮದ್ ಅಬ್ಬಾಸ್ ಖಾನ್ ಅವರೂ ಇದ್ದರು. ಇವರು ತಮ್ಮ ಎಲ್ಲ ಬೇಡಿಕೆಗಳನ್ನು ಒಂದು ಗಂಟಿಗೆ ಕಟ್ಟಲಿಲ್ಲ ಎಂಬುದನ್ನು ನೋಡಿ. ಎಲ್ಲರಿಗೂ ಸಮಾನವಾದುದನ್ನು ಮಾತ್ರ ಎತ್ತಿಕೊಂಡರು: ಸರ್ಕಾರಿ ಉದ್ಯೋಗದಲ್ಲಿ ಪಾಲು, ಮತ್ತು ಅದಕ್ಕೆ ಬೇಕಾದ ವಿದ್ಯೆಗೆ ನೆರವು. ಉಳಿದ ಭಿನ್ನಾಭಿಪ್ರಾಯಗಳು ಅವರವರ ಸಂಘದಲ್ಲೇ ಉಳಿದವು.

1918ರಲ್ಲಿ ಮಂಡಳಿಯ ನಿಯೋಗ ನಾಲ್ವಡಿ ಕೃಷ್ಣರಾಜ ಒಡೆಯರನ್ನು ಕಂಡಿತು. ಮಹಾರಾಜರು ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಕಲಾಮಿಯವರು ಅದರ ಸದಸ್ಯರಲ್ಲಿ ಒಬ್ಬರು. ದಕ್ಷತೆ ಕೆಡುತ್ತದೆಂಬ ಆತಂಕ ದಿವಾನ್ ವಿಶ್ವೇಶ್ವರಯ್ಯನವರಿಗೆ ಇತ್ತು. ಅವರು ಆ ವರ್ಷವೇ ಹುದ್ದೆ ಬಿಟ್ಟರು. ಅವರನ್ನು ಇದಕ್ಕಾಗಿ ದೂಷಿಸುವುದು ನನಗೆ ಸರಿಯೆನಿಸುವುದಿಲ್ಲ, ಅದು ಪ್ರಾಮಾಣಿಕ ಭಿನ್ನಾಭಿಪ್ರಾಯ. 1919ರಲ್ಲಿ ವರದಿ ಬಂತು. ಇಂಗ್ಲಿಷ್ ಬಲ್ಲವರ ಪ್ರಮಾಣ ಶೇ. 5ಕ್ಕಿಂತ ಕಡಿಮೆ ಇರುವ ಸಮುದಾಯಗಳನ್ನು ಹಿಂದುಳಿದವೆಂದು ಅದು ಗುರುತಿಸಿತು. ಮುಸ್ಲಿಮರೂ ಅದರಲ್ಲಿ ಬಂದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕೆಂಬ ಶಿಫಾರಸು ಮಾಡಿತು. 1921ರಲ್ಲಿ ಸರ್ಕಾರಿ ಆದೇಶವಾಯಿತು. ಮಂಡಳಿ ಹೆಚ್ಚು ಕಾಲ ಬಾಳಲಿಲ್ಲ. ಆದರೆ ಅದು ಕೇಳಿದ್ದು ದೊರೆಯಿತು. ನಮ್ಮ ದೇಶದ ಮೀಸಲಾತಿಯ ಚರಿತ್ರೆ ಬರೆಯುವವರು ಇಂದಿಗೂ ಮಿಲ್ಲರ್ ವರದಿಯನ್ನು ಬಿಟ್ಟು ಮುಂದೆ ಹೋಗಲಾರರು.

ಅದೇ ಕಾಲದಲ್ಲಿ ನಮ್ಮ ಕಡೆ ಏನಿತ್ತು? ನಾವು ನಿಜಾಮರ ರಾಜ್ಯದಲ್ಲಿದ್ದೆವು. ಜಿಲ್ಲಾ ಪಟ್ಟಣಗಳ ಆಡಳಿತದಲ್ಲಿ ಅಧಿಕಾರಿಗಳದೇ ಮೇಲುಗೈ. ಠರಾವಿಗಿಂತ ಫರ್ಮಾನಿಗೆ ಬೆಲೆ. 1948ರ ಸೆಪ್ಟೆಂಬರ್ 17ರ ನಂತರ, 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ಇಲ್ಲಿ ಒಂದು ವಿಚಿತ್ರವನ್ನು ನೋಡಿ. ಮರಾಠವಾಡದವರಿಗೆ ಸಂವಿಧಾನದ 371ನೇ ವಿಧಿಯಲ್ಲೇ ಅಭಿವೃದ್ಧಿ ಮಂಡಳಿಯ ಅವಕಾಶ ಬರೆಯಲ್ಪಟ್ಟಿತು. ತೆಲಂಗಾಣದವರಿಗೆ ಪ್ರಾದೇಶಿಕ ಸಮಿತಿ ಬಂತು. 1973ರ ತಿದ್ದುಪಡಿಯಿಂದ 371(ಡಿ) ಬಂತು. ಗುಲಬರ್ಗಾ, ಬೀದರ್, ರಾಯಚೂರು ಜಿಲ್ಲೆಗಳು ಯಾವ ಬರಹದ ಭರವಸೆಯೂ ಇಲ್ಲದೆ ಮೈಸೂರು ರಾಜ್ಯಕ್ಕೆ ಸೇರಿದವು. ಏಕೀಕರಣದ ಸಂಭ್ರಮದಲ್ಲಿ ಕೇಳುವುದು ಸಣ್ಣತನ ಎನಿಸಿರಬೇಕು. ಹಾಗೆ ಕೇಳದೆ ಬಿಟ್ಟದ್ದನ್ನು ಪಡೆಯಲು ಐವತ್ತಾರು ವರ್ಷ ಬೇಕಾಯಿತು.

ಆ ಐವತ್ತಾರು ವರ್ಷಗಳ ಕತೆಯನ್ನು ವಿದ್ಯಾರ್ಥಿಗಳು ವಿವರವಾಗಿ ಓದಬೇಕು. 1981ರಲ್ಲಿ ಎನ್. ಧರ್ಮಸಿಂಗ್ ಅಧ್ಯಕ್ಷತೆಯ ಸಮಿತಿ ಈ ಭಾಗದ ಅಭಿವೃದ್ಧಿಯ ಬಗ್ಗೆ ವರದಿ ಕೊಟ್ಟಿತು. ಹತ್ತು ವರ್ಷಗಳ ನಂತರ 1991ರಲ್ಲಿ ಹೈದರಾಬಾದ್ ಕರ್ನಾಟಕ ಅಭಿವೃದ್ಧಿ ಮಂಡಳಿಯ ಕಾಯ್ದೆ ಆಯಿತು. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ, ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಲೆಕ್ಕ ಹಾಕಿ ತೋರಿಸಿತು. ಆ 39ರಲ್ಲಿ 21 ಗುಲಬರ್ಗಾ ವಿಭಾಗದವು. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಆ ಪಟ್ಟಿಯಲ್ಲಿವೆ. ಶಹಾಬಾದ್, ವಾಡಿ ಆಗ ಚಿತ್ತಾಪುರ ತಾಲ್ಲೂಕಿನಲ್ಲಿದ್ದವು. ದೇಶಕ್ಕೆಲ್ಲ ಸಿಮೆಂಟು ಕೊಡುವ ನೆಲ ಆ ಪಟ್ಟಿಯಲ್ಲಿ ಇದ್ದುದನ್ನು ಓದಿದಾಗ ನನಗೆ ಆದ ನಾಚಿಕೆ ಇನ್ನೂ ಹೋಗಿಲ್ಲ. ಆದರೆ ಅದೇ ಪಟ್ಟಿ ನಮ್ಮ ಕೈಗೆ ಸಿಕ್ಕ ಮೊದಲ ಗಟ್ಟಿ ದಾಖಲೆಯೂ ಹೌದು. ಅದುವರೆಗೆ ಹಿಂದುಳಿದಿದ್ದೇವೆ ಎಂಬುದು ಭಾಷಣ, ಆಮೇಲೆ ಅದು ಅಂಕಿ.

ಚಿಂಚೋಳಿಯ ವೈಜನಾಥ ಪಾಟೀಲರು ಹೈದರಾಬಾದ್ ಕರ್ನಾಟಕ ಹೋರಾಟ ಸಮಿತಿಯ ಮೂಲಕ ಒಂದೇ ಮಾತನ್ನು ಹಿಡಿದು ದಶಕಗಳ ಕಾಲ ಹಟ ಬಿಡಲಿಲ್ಲ: 371ನೇ ವಿಧಿಗೆ ತಿದ್ದುಪಡಿ ಬೇಕು. ಕೇಂದ್ರ ಒಮ್ಮೆ ಈ ಬೇಡಿಕೆಯನ್ನು ತಳ್ಳಿಹಾಕಿತ್ತು. 2012ರ ಮಾರ್ಚ್‌ನಲ್ಲಿ ರಾಜ್ಯದ ವಿಧಾನಸಭೆ, ವಿಧಾನ ಪರಿಷತ್ತು ಎರಡೂ ಬೆಂಬಲದ ಠರಾವು ಅಂಗೀಕರಿಸಿದವು. ಅದೇ ಡಿಸೆಂಬರ್‌ನಲ್ಲಿ ಸಂಸತ್ತು 98ನೇ ತಿದ್ದುಪಡಿಯನ್ನು ಒಪ್ಪಿತು. ಗುಲಬರ್ಗಾದ ಸಂಸದ ಮಲ್ಲಿಕಾರ್ಜುನ ಖರ್ಗೆಯವರು ಆಗ ಕೇಂದ್ರ ಸಚಿವರು. 371(ಜೆ) ಜಾರಿಗೆ ಬಂದದ್ದು 2013ರ ಅಕ್ಟೋಬರ್ 1ರಂದು. ಪಾಟೀಲರು 2019ರಲ್ಲಿ ತೀರಿಕೊಂಡರು. ಅದೇ ವರ್ಷ ಈ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಾಯಿತು.

ವಿದ್ಯಾರ್ಥಿಗಳೇ, ಇದರ ಫಲ ನಿಮ್ಮದು. ಈ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ. 70ರಷ್ಟು ಸೀಟು, ರಾಜ್ಯದ ಉಳಿದ ಕಡೆ ಶೇ. 8, ಸ್ಥಳೀಯ ವೃಂದದ ಹುದ್ದೆಗಳಲ್ಲಿ ದರ್ಜೆಗೆ ತಕ್ಕಂತೆ ಶೇ. 75ರಿಂದ 85ರವರೆಗೆ ಪಾಲು. ಇದು ಜಾತಿ, ಧರ್ಮ ನೋಡಿ ಕೊಟ್ಟದ್ದಲ್ಲ, ನೆಲ ನೋಡಿ ಕೊಟ್ಟದ್ದು. ನಮ್ಮ ಹುಡುಗ ಹುಡುಗಿಯರಿಗೂ ಪಕ್ಕದ ಮನೆಯವರಿಗೂ ಅದರಲ್ಲಿ ಸಮಾನ ಪಾಲಿದೆ. ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಪಡೆಯುವ ಅರ್ಹತಾ ಪ್ರಮಾಣಪತ್ರ ಇಲ್ಲದಿದ್ದರೆ ಮಾತ್ರ ಆ ಪಾಲು ಕಾಗದದಲ್ಲೇ ಉಳಿಯುತ್ತದೆ. ಪಿಯುಸಿ ಫಲಿತಾಂಶದ ನಂತರ ಓಡಾಡುವ ಬದಲು ಹತ್ತನೇ ತರಗತಿಯಲ್ಲಿ ಇರುವಾಗಲೇ ಅರ್ಜಿ ಹಾಕಿಬಿಡಿ.

ಈಗ ಕೆಳಗಿನ ಮೆಟ್ಟಿಲಿಗೆ ಬರೋಣ. ನಮ್ಮ ಪಟ್ಟಣಗಳ ಸಭೆಗಳು ನಡೆಯುವುದು 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯಂತೆ. ತಿಂಗಳಿಗೊಮ್ಮೆ ಸಾಮಾನ್ಯ ಸಭೆ ಸೇರಬೇಕು. ಏಳು ದಿನ ಮೊದಲೇ ನೋಟಿಸು ಹೋಗಬೇಕು. ಮೂರನೇ ಒಂದು ಭಾಗ ಸದಸ್ಯರು ಲಿಖಿತವಾಗಿ ಕೇಳಿದರೆ ವಿಶೇಷ ಸಭೆ ಕರೆಯಬೇಕಾಗುತ್ತದೆ. ಕೋರಂ ಇಲ್ಲದಿದ್ದರೆ ಸಭೆಯಿಲ್ಲ. ಬಹುಮತದಿಂದ ತೀರ್ಮಾನ, ಮತ ಸಮನಾದರೆ ಅಧ್ಯಕ್ಷರ ನಿರ್ಣಾಯಕ ಮತ. ಶಾಸಕರಿಗೂ ಸಂಸದರಿಗೂ ಅಲ್ಲಿ ಮತವಿದೆ; ನಾಮಕರಣಗೊಂಡ ಸದಸ್ಯರಿಗೆ ಮಾತಿದೆ, ಮತವಿಲ್ಲ. ಕಾನೂನು ಮೀರಿದ ಠರಾವನ್ನು ಜಿಲ್ಲಾಧಿಕಾರಿ ತಡೆಹಿಡಿಯಬಹುದು. ಕಾರ್ಖಾನೆ ಕಾಲೋನಿಗಳಲ್ಲಿ ಬೆಳೆದವರಿಗೆ ಇದೆಲ್ಲ ದೂರದ ಮಾತೆನಿಸುವುದು ಸಹಜ. ನೀರು, ದೀಪ, ರಸ್ತೆ ಕಂಪನಿಯೇ ನೋಡಿಕೊಂಡರೆ ಕೌನ್ಸಿಲರ್ ಯಾರೆಂದು ಕೇಳುವ ಅಗತ್ಯವೇ ಬೀಳುವುದಿಲ್ಲ. 1993ರಲ್ಲಿ ಜಾರಿಯಾದ 74ನೇ ತಿದ್ದುಪಡಿಯೂ ಇಂಥ ಕೈಗಾರಿಕಾ ಪಟ್ಟಣಗಳನ್ನು ಪುರಸಭೆಯ ಹೊರಗಿಡಲು ಅವಕಾಶ ಕೊಟ್ಟಿದೆ. ನಿವೃತ್ತಿಯಾಗಿ ಕ್ವಾರ್ಟರ್ಸ್ ಬಿಟ್ಟು ಊರೊಳಗೆ ಮನೆ ಮಾಡಿದ ದಿನ ನಮಗೆ ವಾರ್ಡಿನ ನೆನಪಾಗುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ಪುರಸಭೆಗೆ ಒಂದು ಉರ್ದು ಶಾಲೆಯ ವಿಷಯವಾಗಿ ಹೋಗಿದ್ದೆವು. ಮಸೀದಿ ಕಮಿಟಿಯವರು ಕಾಂಪೌಂಡ್ ಗೋಡೆ ಕೇಳಿದ್ದರು, ಯುವಕರ ಸಂಘ ಎರಡು ಕೋಣೆ ಕೇಳಿತ್ತು, ಪಾಲಕರು ಗಣಿತದ ಶಿಕ್ಷಕರನ್ನು ಕೇಳಿದ್ದರು. ಮೂರು ಅರ್ಜಿ, ಮೂರು ತಾರೀಖು, ಒಂದಕ್ಕಂತೂ ಸಹಿಯೇ ಇರಲಿಲ್ಲ. ಮೂರಕ್ಕೂ ಪರಿಶೀಲಿಸಲಾಗುವುದು ಎಂಬ ಒಂದೇ ಉತ್ತರ. ಶಿಕ್ಷಕರ ನೇಮಕ ಪುರಸಭೆಯ ಕೈಯಲ್ಲಿಲ್ಲ, ಅದು ಶಿಕ್ಷಣ ಇಲಾಖೆಯದು ಎಂಬುದೂ ನಮಗೆ ತಿಳಿದಿರಲಿಲ್ಲ. ಆ ಸಂಜೆ ಹಿರಿಯರೊಬ್ಬರು, "ಮೊದ್ಲು ನಾವು ಮೂರು ಮಂದಿ ಒಂದ್ ಕಡೆ ಕೂಡ್ರೋಣ್ರಿ, ಆಮ್ಯಾಲ ಅವರ ಕಡೆ ಹೋಗೋಣ" ಎಂದರು. ಕುಳಿತೆವು. ಜಗಳವೂ ಆಯಿತು. ಕೊನೆಗೆ ಪುರಸಭೆಗೆ ಗೋಡೆ ಮಾತ್ರ, ಇಲಾಖೆಗೆ ಶಿಕ್ಷಕರು ಮಾತ್ರ ಎಂದು ಹಂಚಿ ಬರೆದೆವು. ವಾರ್ಡಿನ ಸದಸ್ಯರು ಅದನ್ನು ಕಾರ್ಯಸೂಚಿಗೆ ಸೇರಿಸಿದರು. ಬೇರೆ ವಾರ್ಡಿನ ಹಿಂದೂ ಸದಸ್ಯರೊಬ್ಬರು ಅನುಮೋದಿಸಿದರು. ಮರುವರ್ಷ ಗೋಡೆ ಎದ್ದಿತು. ಶಿಕ್ಷಕರಿಗಾಗಿ ಇನ್ನೂ ಎರಡು ವರ್ಷ ಕಾಯಬೇಕಾಯಿತು, ಕೋಣೆಗಳ ಮಾತು ಹಾಗೇ ಉಳಿಯಿತು.

ಗೋಡೆಯ ಆ ಠರಾವಿನ ನಕಲು ನನ್ನ ಬಳಿ ಇದೆ. ಸಂಖ್ಯೆ, ದಿನಾಂಕ, ಮಂಡಿಸಿದವರು, ಅನುಮೋದಿಸಿದವರು, ಎಲ್ಲ ಸೇರಿ ನಾಲ್ಕು ಸಾಲು. ಅದನ್ನು ಪಡೆದದ್ದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ: ಅರ್ಜಿಗೆ ಹತ್ತು ರೂಪಾಯಿ, ಪುಟಕ್ಕೆ ಎರಡು ರೂಪಾಯಿ.