ತಿನ್ನಲಾಗದ ಹಣ್ಣುಗಳು

ನಮ್ಮಮ್ಮನಿಗೆ ಸಕ್ಕರೆ ಕಾಯಿಲೆ. ಮಾವಿನ ಕಾಲ ಬಂತೆಂದರೆ ಬುಟ್ಟಿಯ ಮುಂದೆ ಕುಳಿತು ಒಂದೊಂದೇ ಹಣ್ಣನ್ನು ಮೂಸಿ, ಹೆಚ್ಚಿ, ಎಲ್ಲರಿಗೂ ಹಂಚಿ, ತಾನು ಸುಮ್ಮನೆ ಕೈ ತೊಳೆದುಕೊಂಡು ಏಳುತ್ತಿದ್ದಳು. ಅಮೆರಿಕದ ಚಿತ್ರಕಾರ ಚಾರ್ಲ್ಸ್ ಡೆಮುತ್ ಬರೆದ ಹಣ್ಣುಗಳನ್ನು ಪುಸ್ತಕವೊಂದರಲ್ಲಿ ಕಂಡಾಗ ನನಗೆ ನೆನಪಾದವಳು ಅವಳೇ.

ಅವೆಲ್ಲ ಜಲವರ್ಣದ ಚಿತ್ರಗಳು. ಒಂದು ಹಣ್ಣು ರಸ ತುಂಬಿ ಮಾಗಿದ್ದರೆ ಪಕ್ಕದಲ್ಲಿ ಬರೀ ಪೆನ್ಸಿಲ್ ಗೆರೆ. ಸುತ್ತ ಖಾಲಿ ಬಿಳಿ ಕಾಗದ. ಯಾರೋ ಕರೆದರೆಂದು ಅರ್ಧಕ್ಕೇ ಎದ್ದು ಹೋದನೇನೋ ಅನ್ನಿಸುತ್ತದೆ.

ಡೆಮುತ್ ಹುಟ್ಟಿದ್ದು 1883ರಲ್ಲಿ, ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಊರಿನಲ್ಲಿ. ಎಳವೆಯಲ್ಲೇ ಸೊಂಟದ ಬೇನೆಯಿಂದ ಕಾಲು ಕುಂಟಾಯಿತು. ಪ್ಯಾರಿಸ್, ನ್ಯೂಯಾರ್ಕ್‌ಗಳನ್ನು ಕಂಡು ಹೆಸರು ಮಾಡುವ ಹೊತ್ತಿಗೆ, 1920ರ ದಶಕದ ಆರಂಭದಲ್ಲಿ, ಸಕ್ಕರೆ ಕಾಯಿಲೆ ಹಿಡಿಯಿತು. ಅದಕ್ಕೆ ಆಗ ಇದ್ದ ಚಿಕಿತ್ಸೆಯೆಂದರೆ ಉಪವಾಸ. ನ್ಯೂಜೆರ್ಸಿಯ ಮಾರಿಸ್‌ಟೌನ್‌ನಲ್ಲಿ ಡಾಕ್ಟರ್ ಫ್ರೆಡರಿಕ್ ಆಲನ್ ರೋಗಿಗಳಿಗೆ ಊಟವನ್ನು ತೂಗಿ ಕೊಡುತ್ತಿದ್ದರು. ಡೆಮುತ್ ಅಲ್ಲಿಗೇ ಸೇರಿದ. ಅವನ ಪುಣ್ಯ, ಟೊರಾಂಟೋದಲ್ಲಿ 1921ರಲ್ಲಿ ಇನ್ಸುಲಿನ್ ಸಿಕ್ಕಿತ್ತು. 1922ರ ಜನವರಿಯಲ್ಲಿ ಅದನ್ನು ಮೊದಲ ಬಾರಿಗೆ ರೋಗಿಯೊಬ್ಬನಿಗೆ ಚುಚ್ಚಿದರು. ಅಮೆರಿಕದಲ್ಲಿ ಅದನ್ನು ಪಡೆದ ಮೊದಮೊದಲಿನವರಲ್ಲಿ ಡೆಮುತ್ ಒಬ್ಬ.

ಜೀವ ಉಳಿಯಿತು, ತ್ರಾಣ ಮರಳಲಿಲ್ಲ. ಲ್ಯಾಂಕಾಸ್ಟರಿನ ಮನೆಯಲ್ಲಿ ತಾಯಿ ಆಗಸ್ಟಾ ಅವನ ಆರೈಕೆಗೆ ನಿಂತಳು. ಮಹಡಿಯ ಮೇಲಿನ ಅವನ ಕೋಣೆಯಿಂದ ಆಕೆಯ ಹೂದೋಟ ಕಾಣುತ್ತಿತ್ತು. ಎಣ್ಣೆಬಣ್ಣದ ದೊಡ್ಡ ಕೆಲಸಕ್ಕೆ ಮೈ ಒಗ್ಗದ ದಿನಗಳಲ್ಲಿ ಅವನು ಹೂವು, ಬದನೆ, ಟೊಮ್ಯಾಟೊ, ಸೇಬು, ಬಾಳೆಹಣ್ಣುಗಳನ್ನು ಜಲವರ್ಣದಲ್ಲಿ ಬರೆದ. ಊಟವನ್ನು ತೂಗಿ ಉಣ್ಣಬೇಕಾದವನು ಹಣ್ಣುಗಳನ್ನು ಗಂಟೆಗಟ್ಟಲೆ ನೋಡುತ್ತ ಕೂರುವುದೆಂದರೆ ಹೇಗಿದ್ದೀತು!

ಹಾಗಾದರೆ ಆ ಚಿತ್ರಗಳು ಅರೆಬರೆಯೇ? ಅಲ್ಲ. ಅವುಗಳಲ್ಲಿ ಹಲವಕ್ಕೆ ಅವನೇ ಸಹಿ ಹಾಕಿ ಇಸವಿ ಬರೆದಿದ್ದಾನೆ. ಜಲವರ್ಣದಲ್ಲಿ ಬಿಳುಪೆಂದರೆ ಸಾಮಾನ್ಯವಾಗಿ ಕಾಗದದ ಬಿಳುಪೇ. ಎಲ್ಲಿ ಕುಂಚ ತಾಗಿಸಬಾರದೆಂದು ಮೊದಲೇ ತಿಳಿದಿರಬೇಕು. ಹಸಿ ಬಣ್ಣವನ್ನು ಹೀರುಕಾಗದದಿಂದ ಒತ್ತಿ ತೆಗೆಯುವುದೂ ಅವನ ಕ್ರಮವಾಗಿತ್ತು. ಎಲ್ಲಿ ನಿಲ್ಲಿಸಬೇಕೆಂಬುದನ್ನು ಅವನು ಬಲ್ಲ.

1935ರ ಅಕ್ಟೋಬರಿನಲ್ಲಿ, 51ನೇ ವಯಸ್ಸಿಗೆ, ಡೆಮುತ್ ಅದೇ ಊರಿನಲ್ಲಿ ತೀರಿಕೊಂಡ. ತಾಯಿ ಇನ್ನೂ ಬದುಕಿದ್ದಳು. ಅವರ ಮನೆ ಈಗ ವಸ್ತುಸಂಗ್ರಹಾಲಯ.

ನಮ್ಮಮ್ಮ ಒಮ್ಮೊಮ್ಮೆ ಹಿತ್ತಲಿನಲ್ಲಿ ನಿಂತು ಮಾವಿನ ಓಟೆ ಚೀಪುತ್ತಿದ್ದಳು. ಕಂಡಾಗಲೆಲ್ಲ ನಾನು ಗದರುತ್ತಿದ್ದೆ. ಅವಳ ಒಳ್ಳೆಯದಕ್ಕೇ, ನಿಜ. ಆದರೂ ಉಳಿದ ಅಷ್ಟು ದಿನ ಅವಳು ಬಿಟ್ಟುಕೊಟ್ಟಿದ್ದನ್ನು ನಾನು ಒಮ್ಮೆಯೂ ಲೆಕ್ಕಕ್ಕೆ ಹಿಡಿದಿರಲಿಲ್ಲ.